ಪರ್ಫ್ ಸ್ಟ್ಯಾಟ್: ಕಣ್ಣಿಗೆ ಟೇಬಲ್, ಕಡತಕ್ಕೆ ಜೇಸನ್

ಪ್ರೋಗ್ರಾಂ ಓಡುವಾಗ ಸಿಪಿಯು ಏನೇನು ಮಾಡಿತು ಎಂದು ಅಳೆಯುವ ಪರ್ಫ್ 2009ರಿಂದ ಲಿನಕ್ಸ್ ಕರ್ನಲ್ ಜೊತೆಗೇ ಇದೆ. ಹಾಗಾಗಿ ದೊಡ್ಡ ಪರಿಚಯ ಬೇಡ. ನನ್ನ ತಕರಾರು ಇರುವುದು ಅದರ ಎಣಿಸುವ ಕಮಾಂಡ್ ಆದ ಪರ್ಫ್ ಸ್ಟ್ಯಾಟ್ ಅಂಕಿಗಳನ್ನು ಬರೆದುಕೊಡುವ ರೀತಿಯ ಬಗ್ಗೆ.

ದಿನಾ ಬೆಳಿಗ್ಗೆ ಹೊಸ ಬಿಲ್ಡ್ ಮೇಲೆ ಅದೇ ಪ್ರೋಗ್ರಾಂ ಅನ್ನು 'ಮೈನಸ್ ಆರ್ 5' ಕೊಟ್ಟು ಓಡಿಸುತ್ತೇನೆ. ಐದು ಓಟದ ಸರಾಸರಿ ಟರ್ಮಿನಲ್‌ನಲ್ಲಿ ಟೇಬಲ್ ಆಗಿ ಬರುತ್ತದೆ. ಮೊದಲು ನೋಡುವುದು ಬಲಗಡೆಯ ಪ್ಲಸ್-ಮೈನಸ್ ಶೇಕಡಾ, ಅಂದರೆ ಓಟದಿಂದ ಓಟಕ್ಕೆ ಅಂಕಿ ಎಷ್ಟು ಏರುಪೇರಾಯಿತು ಅನ್ನುವುದು. ಅದು ಜಾಸ್ತಿ ಇದ್ದರೆ ಬೇರೆ ಯಾವ ಅಂಕಿಯನ್ನೂ ನಂಬುವುದಿಲ್ಲ. ಆಮೇಲೆ ಬ್ರಾಕೆಟ್ ಒಳಗಿನ ಶೇಕಡಾ. ನಾವು ಎಣಿಸಲು ಕೇಳಿದ ಇವೆಂಟ್‌ಗಳು (ಸೈಕಲ್, ಇನ್‌ಸ್ಟ್ರಕ್ಷನ್ ಇತ್ಯಾದಿ) ಸಿಪಿಯು ಒಳಗಿನ ಕೌಂಟರ್‌ಗಳಿಗಿಂತ ಹೆಚ್ಚಾದರೆ ಕರ್ನಲ್ ಅವನ್ನು ಸರದಿ ಪ್ರಕಾರ ಎಣಿಸುತ್ತದೆ. ಎಷ್ಟು ಹೊತ್ತು ನಿಜವಾಗಿ ಎಣಿಸಿತು ಅನ್ನುವುದು ಆ ಬ್ರಾಕೆಟ್‌ನಲ್ಲಿ ಇರುತ್ತದೆ, ಉಳಿದದ್ದು ಅಂದಾಜು. ಕೊನೆಗೆ ಒಂದು ಸೈಕಲ್‌ಗೆ ಎಷ್ಟು ಇನ್‌ಸ್ಟ್ರಕ್ಷನ್ ಅಂತ ನೋಡುತ್ತೇನೆ. ಕಣ್ಣಿಗೆ ಇದಕ್ಕಿಂತ ಒಳ್ಳೆಯ ಜೋಡಣೆ ನಾನು ಕಂಡಿಲ್ಲ.

ಆದರೆ ಹಳೆಯ ಫಲಿತಾಂಶಗಳ ಜೊತೆ ಹೋಲಿಸಬೇಕಲ್ವಾ? ಅಲ್ಲಿಂದ ಕಿರಿಕಿರಿ ಶುರು.

'ಮೈನಸ್ ಎಕ್ಸ್' ಕೊಟ್ಟರೆ ಸಿಎಸ್‌ವಿ ಬರುತ್ತದೆ, ಅಂದರೆ ಕಾಮಾದಂಥ ಸೆಪರೇಟರ್ ಇಟ್ಟು ಕಾಲಂಗಳನ್ನು ಬೇರ್ಪಡಿಸಿದ ಸಾಲುಗಳು. ಮೇಲೆ ಕಾಲಂ ಹೆಸರುಗಳ ಸಾಲೇ ಇರುವುದಿಲ್ಲ. ಅದನ್ನಾದರೂ ಸಹಿಸಬಹುದು, ಕಾಲಂಗಳು ನಿಂತ ಜಾಗದಲ್ಲಿ ನಿಲ್ಲುವುದಿಲ್ಲ. ಆಗಾಗ ಅಂಕಿ ಬರೆಯುವ 'ಮೈನಸ್ ಐ' (ದೊಡ್ಡಕ್ಷರದ I) ಸೇರಿಸಿದರೆ ಮುಂದೆ ಸಮಯ ಬಂದು ಕೂರುತ್ತದೆ. 'ಮೈನಸ್ ಎ' (ದೊಡ್ಡಕ್ಷರದ A) ಹಾಕಿದರೆ ಸಿಪಿಯು ಸಂಖ್ಯೆ. 'ಮೈನಸ್ ಆರ್' ಇದ್ದರೆ ನಡುವೆ ಇನ್ನೊಂದು ಕಾಲಂ. ಇದರ ಮೇಲೆ ಸ್ಕ್ರಿಪ್ಟ್ ಬರೆದವರಿಗೆ ಗೊತ್ತು: ಒಂದು ಆಪ್ಷನ್ ಬದಲಾದರೆ ಮೂರನೇ ಕಾಲಂನ ಅರ್ಥವೇ ಬದಲಾಗುತ್ತದೆ. ಎರರ್ ಕೂಡ ಬರುವುದಿಲ್ಲ, ತಪ್ಪು ಅಂಕಿ ಸುಮ್ನೆ ಗ್ರಾಫ್‌ಗೆ ಹೋಗುತ್ತದೆ. ಸಿಪಿಯು ಕೋಡ್‌ನಲ್ಲೇ ಬರೆಯುವ ರಾ ಇವೆಂಟ್ ಹೆಸರುಗಳಲ್ಲಿ ಇವೆಂಟ್ ಕೋಡ್ ಮತ್ತು ಯುಮಾಸ್ಕ್ (ಇವೆಂಟ್‌ನ ಉಪವಿಧ ಹೇಳುವ ಕೋಡ್) ನಡುವೆ ಕಾಮಾ ಇರುತ್ತದೆ. ಕಾಮಾವನ್ನೇ ಸೆಪರೇಟರ್ ಮಾಡಿಕೊಂಡರೆ ಹೆಸರೇ ಎರಡು ತುಂಡು. ಸ್ಪ್ರೆಡ್‌ಶೀಟ್‌ಗೆ ನೇರವಾಗಿ ಹೋಗುತ್ತದೆ ಎಂದು ಸಿಎಸ್‌ವಿ ಪರ ವಾದಿಸುವವರು ಇದಕ್ಕೆ ಉತ್ತರ ಕೊಡಬೇಕು.

2022ರಲ್ಲಿ 'ಮೈನಸ್ ಜೆ' ಬಂತು, ಅಂಕಿಗಳನ್ನು ಜೇಸನ್ (ಹೆಸರು-ಮೌಲ್ಯ ಜೋಡಿಗಳ ಪಠ್ಯ) ಆಗಿ ಕೊಡುವ ಆಪ್ಷನ್. ಆಮೇಲೆ ನನ್ನ ಸಿಟ್ಟು ಬಹಳ ಇಳಿಯಿತು. ಒಂದು ಇವೆಂಟ್‌ಗೆ ಒಂದು ಸಾಲು ಜೇಸನ್, ಪ್ರತಿ ಅಂಕಿಗೂ ಹೆಸರು. ಯಾವ ಆಪ್ಷನ್ ಸೇರಿಸಿದರೂ ನನ್ನ ಸ್ಕ್ರಿಪ್ಟ್ ಹೆಸರು ಹುಡುಕಿ ಓದುತ್ತದೆ, ಜಾಗ ಎಣಿಸುವುದಿಲ್ಲ. 'ಮೈನಸ್ ಐ' ಇದ್ದರೆ ಓಟ ಅರ್ಧಕ್ಕೆ ನಿಂತರೂ ಅಲ್ಲಿಯವರೆಗಿನ ಸಾಲುಗಳು ಉಪಯೋಗಕ್ಕೆ ಬರುತ್ತವೆ. ಹೆಸರುಗಳು ಮತ್ತೆ ಮತ್ತೆ ಬರುವುದರಿಂದ ಫೈಲ್ ದೊಡ್ಡದಾಗುತ್ತದೆ ನಿಜ, ಜಿಜಿಪ್ ಮಾಡಿ ಕುಗ್ಗಿಸಿದರೆ ಆ ಚಿಂತೆ ಇಲ್ಲ.

ಒಂದೇ ಅಸಮಾಧಾನ: ಎಣಿಕೆ ಬರುವುದು ಕೋಟ್ಸ್ ಒಳಗೆ, ಸ್ಟ್ರಿಂಗ್ ಆಗಿ. ಎಣಿಸಲು ಆಗದಿದ್ದಾಗ 'ನಾಟ್ ಕೌಂಟೆಡ್' ಎಂಬ ಪದವೂ ಅದೇ ಜಾಗಕ್ಕೆ ಬರುತ್ತದೆ. ಸೊನ್ನೆ ಬೇರೆ, ಎಣಿಸಲೇ ಇಲ್ಲ ಅನ್ನುವುದು ಬೇರೆ. ಆ ವ್ಯತ್ಯಾಸ ಉಳಿಸಿರುವುದು ಸರಿ. ಅದಕ್ಕೆ ಬೇರೆ ಕೀ (ಹೆಸರು) ಇಟ್ಟು, ಎಣಿಕೆಯನ್ನು ಸಂಖ್ಯೆಯಾಗಿಯೇ ಕೊಟ್ಟಿದ್ದರೆ ಇನ್ನೂ ಚೆನ್ನಾಗಿತ್ತು.

ಮಷಿನ್‌ನಲ್ಲಿ ಹಳೆಯ ಪರ್ಫ್ ಇದ್ದು 'ಮೈನಸ್ ಜೆ' ಸಿಗದಿದ್ದರೆ, 'ಮೈನಸ್ ಎಕ್ಸ್' ಜೊತೆ ಕಾಮಾ ಬದಲು ಸೆಮಿಕೋಲನ್ ಕೊಡಿ. ಓಡಿಸಿದ ಕಮಾಂಡ್ ಅನ್ನೂ ಅದೇ ಫೋಲ್ಡರ್‌ನಲ್ಲಿ ಬರೆದಿಡಿ. ಅದಿಲ್ಲದೆ ಆ ಕಾಲಂಗಳು ಏನೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ.