ತುಂಡು ಫೈಲ್‌ಗಳನ್ನು ಬಿಡಿಸಲು 7-ಜಿಪ್: ಬಳಕೆದಾರರೊಬ್ಬರ ವಿಮರ್ಶೆ

ಇಗೋರ್ ಪಾವ್ಲೋವ್ 1999ರಲ್ಲಿ ಹೊರತಂದ 7-ಜಿಪ್ ತಂತ್ರಾಂಶ ಇಂದಿಗೂ ಉಚಿತವಾಗಿದೆ. ಫೈಲ್‌ಗಳನ್ನು ಕುಗ್ಗಿಸಿ ಒಂದು ಕಂತೆಯಾಗಿ (ಆರ್ಕೈವ್) ಕಟ್ಟುವುದು, ಅಂಥ ಕಂತೆಯನ್ನು ಬಿಡಿಸುವುದು ಅದರ ಕೆಲಸ. ಹಲವು ಭಾಗಗಳಾಗಿ ಬರುವ ದೊಡ್ಡ ಫೈಲ್‌ಗಳನ್ನು ಬಿಡಿಸಲು ನಾನು ಮೊದಲು ನೆಚ್ಚುವುದು ಇದನ್ನೇ. ಆದರೆ ಏನಾದರೂ ಕೆಟ್ಟಾಗ ಅದು ತೋರಿಸುವ ಸಂದೇಶಗಳು ಹೊಸಬರಿಗೆ ಸಾಲುವುದಿಲ್ಲ.

ಎಲ್ಲ ಭಾಗಗಳೂ ಒಂದೇ ಫೋಲ್ಡರಿನಲ್ಲಿದ್ದರೆ, .001 ಅಥವಾ ಪಾರ್ಟ್1 ಎಂದಿರುವ ಮೊದಲ ಭಾಗವನ್ನಷ್ಟೇ ತೆರೆದರೆ ಸಾಕು, ಉಳಿದವನ್ನು ತಂತ್ರಾಂಶವೇ ಹುಡುಕಿಕೊಳ್ಳುತ್ತದೆ. .ಝಡ್01 ಬಗೆಯ ಜಿಪ್ ಕಂತೆಯಲ್ಲಿ ಮಾತ್ರ ಕೊನೆಯ ಭಾಗವಾದ .ಜಿಪ್ ಫೈಲನ್ನು ತೆರೆಯಬೇಕು. ಒಂದೇ ಭಾಗವನ್ನು ಎರಡು ಸಲ ಡೌನ್‌ಲೋಡ್ ಮಾಡಿದಾಗ ಬ್ರೌಸರ್ ಹೆಸರಿಗೆ (1) ಎಂದು ಸೇರಿಸುತ್ತದೆ. ಹಳೆಯ ಪ್ರತಿಯ ಬದಲು ಈ ಹೊಸದನ್ನು ಬಳಸುವಾಗ ಹೆಸರಿನಿಂದ ಆ (1) ಅನ್ನು ತೆಗೆಯದಿದ್ದರೆ ಸರಣಿ ಅಲ್ಲಿಗೇ ತುಂಡಾಗುತ್ತದೆ.

ಹೆಚ್ಚು ಗೊಂದಲ ಹುಟ್ಟಿಸುವುದು ‘ಈ ಫೈಲನ್ನು ಆರ್ಕೈವ್ ಆಗಿ ತೆರೆಯಲಾಗದು’ ಎಂಬ ಅರ್ಥದ ಸಂದೇಶ. 7-ಜಿಪ್‌ನದೇ ಆದ 7ಝಡ್ ಮಾದರಿಯಲ್ಲಿ ಒಳಗಿನ ಫೈಲ್‌ಗಳ ಪಟ್ಟಿ ಇಡೀ ಕಂತೆಯ ಕೊನೆಯಲ್ಲಿರುವುದರಿಂದ, ಕೊನೆಯ ಭಾಗವೊಂದು ಬಾರದಿದ್ದರೂ ಮೊದಲ ಭಾಗವೇ ಹಾಳಾಗಿದೆಯೇನೋ ಎಂಬಂತೆ ಕಾಣುತ್ತದೆ. ವಿನ್‌ರಾರ್ ಎಂಬ ಇನ್ನೊಂದು ತಂತ್ರಾಂಶ ಕಟ್ಟುವ ರಾರ್ ಮಾದರಿಯಲ್ಲಿ ಪ್ರತಿ ಫೈಲಿನ ವಿವರ ಅದರ ಮುಂದೆಯೇ ಇರುವುದರಿಂದ, ಕೊನೆಯ ಭಾಗವಿಲ್ಲದೆಯೂ ಸಾಮಾನ್ಯವಾಗಿ ಮೊದಲಿನ ಫೈಲ್‌ಗಳು ಕೈಗೆ ಸಿಗುತ್ತವೆ. ಇಂಥ ವ್ಯತ್ಯಾಸವನ್ನು ತಂತ್ರಾಂಶವೇ ಒಂದು ಸಾಲಿನಲ್ಲಿ ತಿಳಿಸಬೇಕಿತ್ತು.

ಸಿಆರ್‌ಸಿ ದೋಷ (ಬಿಡಿಸಿದ ಡೇಟಾ ಮೂಲದಂತಿಲ್ಲ ಎಂಬ ಸೂಚನೆ) ಕಂಡರೆ ನಾನು ಮೊದಲು ನೋಡುವುದು ಗಾತ್ರವನ್ನು. ಕೊನೆಯದನ್ನು ಬಿಟ್ಟು ಉಳಿದ ಭಾಗಗಳೆಲ್ಲ ಸಾಮಾನ್ಯವಾಗಿ ಒಂದೇ ಗಾತ್ರದಲ್ಲಿರುತ್ತವೆ. 700 ಎಂಬಿ ಭಾಗಗಳ ನಡುವೆ 612 ಎಂಬಿಯದೊಂದು ಕಂಡರೆ ಅದರ ಡೌನ್‌ಲೋಡ್ ಅರ್ಧಕ್ಕೆ ನಿಂತಿದೆ ಎಂದೇ ತಿಳಿಯಬಹುದು, ಅದೊಂದನ್ನೇ ಮತ್ತೆ ಇಳಿಸಿಕೊಂಡರಾಯಿತು. ಪಾಸ್‌ವರ್ಡ್ ಇರುವ ಕಂತೆಯಲ್ಲಿ ಡೇಟಾ ಕೆಟ್ಟಿದ್ದರೂ ‘ಪಾಸ್‌ವರ್ಡ್ ತಪ್ಪೇ?’ ಎಂಬ ಪ್ರಶ್ನೆ ಬರಬಹುದು, ಆದ್ದರಿಂದ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಒತ್ತುತ್ತ ಕೂರಬೇಡಿ. ಇನ್ನು ಫ್ಯಾಟ್32 ಎಂಬ ಹಳೆಯ ಶೇಖರಣಾ ಮಾದರಿಯ ಪೆನ್‌ಡ್ರೈವ್‌ಗೆ ಬಿಡಿಸುವಾಗ 4 ಜಿಬಿ ಹತ್ತಿರ ಕೆಲಸ ನಿಂತರೆ, ದೋಷ ಕಂತೆಯದಲ್ಲ. ಆ ಡ್ರೈವ್‌ನಲ್ಲಿ ಅದಕ್ಕಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

7-ಜಿಪ್‌ನ ನಿಜವಾದ ಕೊರತೆ ದುರಸ್ತಿಯದು. ಕೆಟ್ಟ ಭಾಗವನ್ನು ಅದು ಸರಿಪಡಿಸಲಾರದು. ರಾರ್ ಕಂತೆಯ ಜೊತೆ .ರೆವ್ ಎಂಬ ದುರಸ್ತಿ ಫೈಲ್‌ಗಳು ಬಂದಿದ್ದರೆ, ಕಳೆದುಹೋದ ಭಾಗವನ್ನು ಮರಳಿ ಕಟ್ಟಲು ವಿನ್‌ರಾರ್ ಬಳಿಗೇ ಹೋಗಬೇಕು. ಮುಖ್ಯ ದಾಖಲೆಗಳನ್ನು ಕಳುಹಿಸುವವರು ಪ್ರತಿ ಭಾಗದ ಎಸ್‌ಎಚ್‌ಎ-256 ಮೌಲ್ಯವನ್ನೂ (ಫೈಲಿನ ಬೆರಳಚ್ಚಿನಂಥ ಗುರುತು ಸಂಕೇತ) ಜೊತೆಗೆ ಕೊಡಲಿ. ಪಡೆದವರು ಅದನ್ನು 7-ಜಿಪ್‌ನ ರೈಟ್ ಕ್ಲಿಕ್ ಮೆನುವಿನಲ್ಲೇ ಲೆಕ್ಕ ಹಾಕಿ ಹೋಲಿಸಿ, ಯಾವ ಭಾಗ ಕೆಟ್ಟಿದೆ ಎಂಬುದನ್ನು ಬಿಡಿಸುವ ಮುನ್ನವೇ ಕಂಡುಕೊಳ್ಳಬಹುದು.