ಮೂರು ಜಪಾನಿ ಗಿಟಾರ್, ಒಂದು ಮುಂಬೈ ಮಳೆಗಾಲ

ಮೊದಲೇ ಹೇಳಿಬಿಡುತ್ತೇನೆ, ಹಳೆಯ ಜಪಾನಿ ಗಿಟಾರುಗಳಲ್ಲಿ ನಾನು ಗ್ರೆಕೋ ಪಾರ್ಟಿ. ಮುಂದೆ ಇನ್ನೊಂದು ಜಪಾನಿ ಗಿಟಾರು ಫೆಂಡರ್ ಜಪಾನ್ ಬಗ್ಗೆ ಒಳ್ಳೆಯ ಮಾತು ಬಂದರೆ ಅದು ಆ ಗಿಟಾರಿನ ಯೋಗ್ಯತೆ. ಕೆಟ್ಟ ಮಾತು ಬಂದರೆ ಅದರಲ್ಲಿ ಅರ್ಧ ನನ್ನ ಒಂದು ಲಕ್ಷ ರೂಪಾಯಿಯ ಸಿಟ್ಟು ಅಂತ ತಿಳಿದು ಓದಿ.

ನಾನಿರುವುದು ಮುಲುಂಡಿನಲ್ಲಿ, ಒಂದು ಬೆಡ್‌ರೂಮಿನ ಮನೆ. ಆಫೀಸು ಫೋರ್ಟ್‌ನಲ್ಲಿ. ಗಿಟಾರ್ ಕೈಗೆ ಬರುವುದು ರಾತ್ರಿ ಹತ್ತರ ಮೇಲೆ, ಅದೂ ಹೆಡ್‌ಫೋನ್ ಹಾಕಿಕೊಂಡು. ತಿಂಗಳಿಗೊಮ್ಮೆ ಅಂಧೇರಿಯಲ್ಲಿ ಗಂಟೆ ಲೆಕ್ಕದ ಜ್ಯಾಮ್ ರೂಮಿನಲ್ಲಿ ಮೂವರು ಗೆಳೆಯರ ಜೊತೆ ಗದ್ದಲ, ಅಷ್ಟೇ. ಅಮೆರಿಕದ ಹಳೆಯ ಗಿಟಾರ್ ನಮ್ಮಂಥವರ ಕೈಗೆಟುಕುವ ಮಾತಲ್ಲ. 1970ರ ದಶಕದಲ್ಲಿ ಜಪಾನಿನವರು ಅದೇ ಗಿಬ್ಸನ್, ಅದೇ ಫೆಂಡರ್ ಆಕಾರಗಳನ್ನು ನಕಲು ಮಾಡುತ್ತಾ ಮಾಡುತ್ತಾ ಅಸಲಿಗೇ ಬೆವರಿಳಿಸಿದರು ಅಂತ ಕೇಳಿದ್ದೆ. ಹುಚ್ಚು ಹಿಡಿದದ್ದು ಅಲ್ಲಿಂದ.

ಇಲ್ಲಿ ಒಂದು ಕಿವಿಮಾತು. ಮಾರುವವರೆಲ್ಲ 'ಲಾಸೂಟ್ ಗಿಟಾರ್ ಸಾರ್' ಅನ್ನುತ್ತಾರೆ, ಅಂದರೆ ಗಿಬ್ಸನ್ ಕೋರ್ಟಿಗೆ ಎಳೆದಷ್ಟು ಒಳ್ಳೆಯ ನಕಲು ಅಂತ. 1977ರಲ್ಲಿ ಗಿಬ್ಸನ್ನಿನ ಒಡೆಯ ಕಂಪನಿ ನಾರ್ಲಿನ್ ದಾವೆ ಹೂಡಿದ್ದು ಎಲ್ಗರ್ ಅನ್ನುವ ಕಂಪನಿಯ ಮೇಲೆ. ಅಮೆರಿಕದಲ್ಲಿ ಐಬನೆಜ್ ಗಿಟಾರುಗಳ ವ್ಯಾಪಾರ ಅದರದ್ದು. ತಕರಾರು ಇದ್ದದ್ದು ಗಿಟಾರಿನ ತಲೆಯ ಆಕಾರದ ಬಗ್ಗೆ. ಗ್ರೆಕೋ ಆ ಕೇಸಿನಲ್ಲಿ ಇರಲೇ ಇಲ್ಲ. ಈ ಒಂದು ಪದಕ್ಕೆ ಯಾರಾದರೂ ಐದು ಸಾವಿರ ಜಾಸ್ತಿ ಕೇಳಿದರೆ ನಕ್ಕು ಸುಮ್ಮನಾಗಿ.

ನಾನು ಮೊದಲು ಕೊಂಡದ್ದು ಫೆಂಡರ್ ಜಪಾನ್. ಎಸ್‌ಟಿ62-55. ಆಗಿನ ಜಪಾನಿ ಕಂಪನಿಗಳು ಬೆಲೆಯನ್ನೇ ಹೆಸರಲ್ಲಿ ಇಡುತ್ತಿದ್ದವು: 62 ಅಂದರೆ 1962ರ ಮಾದರಿ, 55 ಅಂದರೆ 55,000 ಯೆನ್. ಸೀರಿಯಲ್ ನಂಬರ್ ಇಂಗ್ಲಿಷಿನ ಇ ಅಕ್ಷರದಿಂದ ಶುರು, ಅಂದರೆ 1984ರಿಂದ 87ರ ನಡುವೆ ಹುಟ್ಟಿದ್ದು. ಜಪಾನಿನಲ್ಲಿ ಕೊಂಡು ಕಳಿಸಿಕೊಡುವ ಒಬ್ಬ ಏಜೆಂಟರ ಮೂಲಕ ತರಿಸಿದೆ. ಗಿಟಾರಿಗೆ 58,000 ರೂಪಾಯಿ. ಏಜೆಂಟರ ಕಮಿಷನ್, ಸಾಗಾಟ ಸೇರಿ 16,500. ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಆಮೇಲೆ ಕೊರಿಯರಿನವರು ಆಧಾರ್ ಕಾರ್ಡ್ ಕೇಳಿದರು, ಬಿಲ್ ಕೇಳಿದರು, ಕೊನೆಗೆ ಕಸ್ಟಮ್ಸ್ ಲೆಕ್ಕ 27,000 ಅಂದರು. ಒಟ್ಟು 1,01,500. ಮನೆಯಲ್ಲಿ ಇವತ್ತಿಗೂ ನಾನು ಹೇಳಿರುವುದು 58,000 ಮಾತ್ರ.

ಫೆಬ್ರವರಿಯಲ್ಲಿ ಬಂತು. ಪೆಟ್ಟಿಗೆ ತೆರೆದಾಗ ಹಳೆಯ ಮರ, ಹಳೆಯ ಪಾಲಿಶ್ ಸೇರಿದ ಒಂದು ವಾಸನೆ. ಒಂದು ಗೀರಿಲ್ಲ. ತಂತಿಯ ಸದ್ದು ಹಿಡಿಯುವ ನಡು ಪಿಕಪ್ಪಿನಲ್ಲಿ ನಾಲ್ಕು ಸ್ವರ ಬಾರಿಸಿದೆ, ಗಂಟೆ ಹೊಡೆದಂತೆ ಕೇಳಿತು. ಮಾರ್ಚ್, ಏಪ್ರಿಲ್, ಮೇ, ನಾನೇ ರಾಜ.

ಜುಲೈ ಎರಡನೇ ವಾರ. ಬಟ್ಟೆ ಒಣಗದ, ಡಬ್ಬಿಯೊಳಗಿನ ಹಪ್ಪಳವೂ ಮೆತ್ತಗಾಗುವ ಕಾಲ. ನೆಕ್ ಅಂದರೆ ಗಿಟಾರಿನ ಕುತ್ತಿಗೆ, ಅದರ ಮೇಲಿನ ಲೋಹದ ಅಡ್ಡಪಟ್ಟಿಗಳೇ ಫ್ರೆಟ್. ಹನ್ನೆರಡನೇ ಫ್ರೆಟ್ಟಿನ ಹತ್ತಿರ ತಂತಿ ಮೇಲೆದ್ದಂತೆ ಅನಿಸಿತು. ಆರನೇ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒಟ್ಟಿಗೆ ಒತ್ತಿ ಹಿಡಿದು ನಡುವೆ ವಿಸಿಟಿಂಗ್ ಕಾರ್ಡ್ ತೂರಿಸಿದೆ. ಸಲೀಸಾಗಿ ಹೋಯಿತು. ಎರಡು ಕಾರ್ಡ್ ಜೋಡಿಸಿದರೂ ಹೋಯಿತು. ಒಂದೇ ಕಾರ್ಡು ಸವರಿಕೊಂಡು ಹೋಗಬೇಕು, ಅದು ಲೆಕ್ಕ. ತೇವ ಕುಡಿದು ನೆಕ್ ಮುಂದಕ್ಕೆ ಬಾಗಿತ್ತು. ಇದೇನೂ ದೊಡ್ಡ ರೋಗ ಅಲ್ಲ. ನೆಕ್ಕನ್ನು ನೆಟ್ಟಗಿಡುವ ಒಳಗಿನ ಸರಳಿನ, ಅಂದರೆ ಟ್ರಸ್ ರಾಡಿನ, ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದರೆ ಆಯಿತು.

ಆದರೆ ನಟ್ ಎಲ್ಲಿದೆ? ತಲೆಯ ಕಡೆ ಹುಡುಕಿದೆ, ಇಲ್ಲ. ಅದು ಇರುವುದು ನೆಕ್ಕಿನ ಬುಡದಲ್ಲಿ, ಬಾಡಿಯೊಳಗೆ ಹುದುಗಿಕೊಂಡು. 1962ರ ಫೆಂಡರಿನಲ್ಲಿ ಹಾಗೇ ಇತ್ತು, ಹಾಗಾಗಿ ಇದರಲ್ಲೂ ಹಾಗೇ. ಜಪಾನಿನವರ ನಕಲು ಅಂದರೆ ಅಷ್ಟು ಪ್ರಾಮಾಣಿಕ, ತಲೆನೋವನ್ನೂ ಬಿಟ್ಟಿಲ್ಲ.

ಈಗ ಆ ಕಾಲು ಸುತ್ತಿನ ಕಥೆ ಕೇಳಿ. ಮೊದಲು ಆರೂ ತಂತಿ ಸಡಿಲ ಮಾಡಬೇಕು. ಅವು ಕಳಚಿ ಗೋಜಲಾಗದಿರಲಿ ಅಂತ ಮೊದಲ ಫ್ರೆಟ್ಟಿಗೆ ಕ್ಯಾಪೋ, ಅಂದರೆ ತಂತಿ ಒತ್ತಿ ಹಿಡಿಯುವ ಕ್ಲಿಪ್, ಹಾಕಬೇಕು. ಗಿಟಾರ್ ಮಗುಚಿ ಬೆನ್ನಿನ ನಾಲ್ಕು ಸ್ಕ್ರೂ ತೆಗೆಯಬೇಕು. ನೆಕ್ ಎತ್ತಿದರೆ ಬುಡದಲ್ಲಿ ಅಡ್ಡ ಗೆರೆಯ ನಟ್ ಕಾಣುತ್ತದೆ. ಅದನ್ನು ಕಾಲು ಸುತ್ತು ತಿರುಗಿಸಿ, ನೆಕ್ ಕೂರಿಸಿ, ಸ್ಕ್ರೂ ಹಾಕಿ, ಮತ್ತೆ ಶ್ರುತಿ ಮಾಡಿ ಕಾರ್ಡ್ ತೂರಿಸಬೇಕು. ಸಾಲಲಿಲ್ಲವಾ? ಮತ್ತೆ ಮೊದಲಿನಿಂದ. ತಂತಿ ಬಿಗಿಯಾಗಿರುವಾಗ ಮಾತ್ರ ನಿಜವಾದ ಬಾಗು ಗೊತ್ತಾಗುತ್ತದೆ, ತಂತಿ ಸಡಿಲ ಇರುವಾಗ ಮಾತ್ರ ನಟ್ ಕೈಗೆ ಸಿಗುತ್ತದೆ. ಹಾಗಾಗಿ ತಿರುಗಿಸುವುದೆಲ್ಲ ಅಂದಾಜಿನ ಮೇಲೆ.

ಆ ರಾತ್ರಿ ಮೂರು ಸಲ ಬಿಚ್ಚಿದೆ. ಮೊದಲ ಸಲ ಕಡಿಮೆ ಆಯಿತು, ಎರಡನೇ ಸಲ ಜಾಸ್ತಿ ಆಯಿತು. ಮೂರನೇ ಸಲ ಬಿಚ್ಚುವಾಗ ನನ್ನ ಹೆಂಡತಿ ನೀರು ಕುಡಿಯಲು ಎದ್ದು ಬಂದಳು. ಧಾರವಾಡದವಳು. 'ರೀ, ಬಾರಿಸಾಕಂತ ತಂದ್ರೋ, ಬಿಚ್ಚಾಕಂತ ತಂದ್ರೋ?' ಅಂದು ಒಳಗೆ ಹೋದಳು.

ಡಿಸೆಂಬರಿನಲ್ಲಿ ಗಾಳಿ ಒಣಗಿತು. ಈಗ ಉಲ್ಟಾ. ಜುಲೈಯಲ್ಲಿ ಬಿಗಿ ಮಾಡಿದ್ದೇ ಜಾಸ್ತಿಯಾಗಿ ನೆಕ್ ಹಿಂದಕ್ಕೆ ಹೋಗಿ, ಮೊದಲ ಮೂರು ಫ್ರೆಟ್ಟುಗಳಲ್ಲಿ ತಂತಿ ಜುಂಯ್ ಅನ್ನತೊಡಗಿತು. ಮತ್ತೆ ಸ್ಕ್ರೂಡ್ರೈವರ್. ಈ ಸಲ ಒಂದು ಸ್ಕ್ರೂ ಕೂತಲ್ಲೇ ಸುಮ್ನೆ ಸುತ್ತಿತು. ಮರದೊಳಗಿನ ತೂತು ಸವೆದುಹೋಗಿತ್ತು. ಸ್ಕ್ರೂ ಹಿಡಿಯುವುದು ಬರೀ ಮರವನ್ನು, ಪದೇ ಪದೇ ಬಿಚ್ಚಿದರೆ ಇನ್ನೇನಾಗುತ್ತೆ? ಭಾನುವಾರ ಮಾಟುಂಗಾದಲ್ಲಿ ಊಟ ಮುಗಿಸಿ ಹೊರಡುವಾಗ ಸೋಂಪಿನ ತಟ್ಟೆಯ ಪಕ್ಕದಿಂದ ನಾಲ್ಕು ಹಲ್ಲುಕಡ್ಡಿ ಜೇಬಿಗೆ ಹಾಕಿಕೊಂಡೆ. ಫೆವಿಕಾಲ್ ಸವರಿ ಎರಡು ಕಡ್ಡಿ ತೂತಿಗೆ ತುರುಕಿ, ಹೊರಗೆ ಉಳಿದದ್ದನ್ನು ಬ್ಲೇಡಿನಿಂದ ಕೊಯ್ದು, ಒಂದು ದಿನ ಬಿಟ್ಟು ಸ್ಕ್ರೂ ಹಾಕಿದೆ. ಗಟ್ಟಿಯಾಗಿ ಕೂತಿತು, ಇವತ್ತಿಗೂ ಕೂತಿದೆ. ಜಪಾನಿನ ಮತ್ಸುಮೊತೊ ಕಾರ್ಖಾನೆಯ ಗಿಟಾರಿನೊಳಗೆ ಮಾಟುಂಗಾದ ಹಲ್ಲುಕಡ್ಡಿ ಇರುವುದು ಬಹುಶಃ ನಮ್ಮ ಮನೆಯಲ್ಲಿ ಮಾತ್ರ.

ಸಾಂತಾಕ್ರೂಜ್ ಕಡೆಯ ರಿಪೇರಿಯವರಿಗೆ ತೋರಿಸಿದಾಗ ಒಂದು ಉಪಾಯ ಹೇಳಿಕೊಟ್ಟರು. ನೆಕ್ ಪೂರ್ತಿ ತೆಗೆಯಬೇಡಿ, ಎರಡು ಸ್ಕ್ರೂ ತೆಗೆದು ಇನ್ನೆರಡನ್ನು ಸಡಿಲ ಮಾಡಿ ನೆಕ್ ಓರೆ ಮಾಡಿದರೆ ಸಾಕು, ಅಂದರು. ಕೆಲಸ ಅರ್ಧ ಇಳಿಯಿತು. ಸಿಟ್ಟು ಇಳಿಯಲಿಲ್ಲ.

ಗ್ರೆಕೋ ಸಿಕ್ಕಿದ್ದು ಮುಂದಿನ ಫೆಬ್ರವರಿಯಲ್ಲಿ, ಮಲಾಡ್ ಹತ್ತಿರದ ಓರ್ಲೆಮ್‌ನಲ್ಲಿ. ಎಂಬತ್ತರ ದಶಕದಲ್ಲಿ ಹೋಟೆಲ್ ಬ್ಯಾಂಡುಗಳಲ್ಲಿ ಬಾರಿಸುತ್ತಿದ್ದ ಒಬ್ಬ ಗೋವಾದ ಅಂಕಲ್, ಬೆರಳು ಸಂಧಿವಾತದಿಂದ ಮಡಚುತ್ತಿರಲಿಲ್ಲ. ಇಜಿ500, ಗಿಬ್ಸನ್ನಿನ ಲೆಸ್ ಪಾಲ್ ಆಕಾರ, ಕಪ್ಪು ಬಣ್ಣ, 50,000 ಯೆನ್ ಮಾದರಿ. ನಂಬರಿನ ಮೊದಲ ಅಕ್ಷರ ಜಿ, ಆಮೇಲೆ 78. ಗ್ರೆಕೋದಲ್ಲಿ ಅಕ್ಷರ ಅಂದರೆ ತಿಂಗಳು, ಎ ಜನವರಿ ಅಂತ ಎಣಿಸಿಕೊಂಡು ಬಂದರೆ 1978ರ ಜುಲೈ. ನಮ್ಮ ಮದುವೆಗಿಂತ ಹಳೆಯದು, ನನಗಿಂತಲೂ ಒಂದು ವರ್ಷ ದೊಡ್ಡದು. ಅಂಕಲ್ ಚಹಾ ಕೊಟ್ಟು ಒಂದು ಗಂಟೆ ಬಾರಿಸಲು ಬಿಟ್ಟರು. ತಲೆಯ ಹಿಂದೆ ಉಗುರಿನಿಂದ ಸವರಿ ನೋಡಿದೆ. ಈ ಆಕಾರದ ಗಿಟಾರ್ ಬಿದ್ದರೆ ಮೊದಲು ಮುರಿಯುವುದು ಅಲ್ಲೇ, ಅಂಟಿಸಿದ್ದರೆ ಉಗುರಿಗೆ ಗೆರೆ ತಗಲುತ್ತದೆ. ಏನೂ ತಗಲಲಿಲ್ಲ. 60 ಕೇಳಿದರು, 55,000ಕ್ಕೆ ಕೊಟ್ಟರು. ಗಟ್ಟಿ ಪೆಟ್ಟಿಗೆಯನ್ನು ಹೊತ್ತು ದಾದರಿನಲ್ಲಿ ವೆಸ್ಟರ್ನ್ ಲೈನಿನಿಂದ ಸೆಂಟ್ರಲ್ ಲೈನಿಗೆ ಸೇತುವೆ ದಾಟುವಾಗ ಗಿಟಾರ್ 4.3 ಕಿಲೋ ಅನ್ನುವುದು ಭುಜಕ್ಕೆ ಗೊತ್ತಾಯಿತು.

ತಮಾಷೆ ಏನೆಂದರೆ ಎರಡೂ ಹೆಚ್ಚುಕಮ್ಮಿ ಒಂದೇ ಮನೆಯ ಮಕ್ಕಳು. ಗ್ರೆಕೋ ಹೆಸರು ಕಾಂಡಾ ಶೋಕಾಯ್ ಅನ್ನುವ ವ್ಯಾಪಾರಿ ಕಂಪನಿಯದ್ದು. 1982ರಲ್ಲಿ ಫೆಂಡರ್ ಜಪಾನ್ ಶುರುವಾದಾಗ ಅದರಲ್ಲೂ ಇವರು ಪಾಲುದಾರರು. ಎರಡನ್ನೂ ಮಾಡುತ್ತಿದ್ದದ್ದು ಮತ್ಸುಮೊತೊ ಊರಿನ ಫೂಜಿಗೆನ್ ಕಾರ್ಖಾನೆ. ಕೈಗೆಲಸದಲ್ಲಿ ಮೇಲು ಕೀಳು ಹುಡುಕಿದರೆ ನಿಮಗೆ ಸಿಗುವುದಿಲ್ಲ, ನನಗೂ ಸಿಗಲಿಲ್ಲ.

ವ್ಯತ್ಯಾಸ ಸಿಕ್ಕಿದ್ದು ಜುಲೈಯಲ್ಲಿ. ಗ್ರೆಕೋ ನೆಕ್ಕೂ ಬಾಗಿತು, ಬಾಗದೇ ಏನು? ತಲೆಯ ಮೇಲೆ ಗಂಟೆಯಾಕಾರದ ಪುಟ್ಟ ಪ್ಲಾಸ್ಟಿಕ್ ಮುಚ್ಚಳ. ಸ್ಕ್ರೂ ತೆಗೆದೆ, ಕೊಳವೆಯಂಥ ಪಾನಾ ಹಾಕಿದೆ, ಕಾಲು ಸುತ್ತು, ಕಾರ್ಡ್ ತೂರಿಸಿ ನೋಡಿದೆ, ಸರಿ. ಕುಕ್ಕರ್ ಎರಡನೇ ಸೀಟಿ ಹೊಡೆಯುವ ಮೊದಲೇ ಮುಗಿಯಿತು.

ದೂರು ಇಲ್ಲ ಅಂತಲ್ಲ. ನಾಬ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು, ಕ್ಲೀನರ್ ಸ್ಪ್ರೇ ಹೊಡೆದು ಸರಿ ಮಾಡಿದೆ. ಫ್ರೆಟ್ ಸವೆದಿದ್ದವು, ತಿಕ್ಕಿಸಿ ಮಟ್ಟ ಮಾಡಿಸಲು 6,000 ಹೋಯಿತು. ತಂತಿಯ ಬುಡ ಹಿಡಿದಿಡುವ ಹಗುರದ ಟೇಲ್‌ಪೀಸ್ ಹಾಕೋಣ ಅಂತ ಅಮೆರಿಕದ ಅಳತೆಯದ್ದು ತರಿಸಿದರೆ ಬೋಲ್ಟು ಕೂರಲಿಲ್ಲ, ಜಪಾನಿನದ್ದು ಮಿಲಿಮೀಟರ್ ಲೆಕ್ಕ. ಬಿಡಿಭಾಗ ಕೊಳ್ಳುವ ಮೊದಲು ಕೇಳಿಕೊಳ್ಳಿ. ಸದ್ದಿನ ಬಗ್ಗೆ ಜಾಸ್ತಿ ಹೇಳಲ್ಲ. ಒಳಗಿರುವುದು ಮ್ಯಾಕ್ಸನ್ ಕಂಪನಿಯ ಜೋಡಿ ಸುರುಳಿಯ ಯು-1000 ಪಿಕಪ್, ದಪ್ಪ ಸ್ವರ, ಮನೆಯ ಫ್ಯಾನ್, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಒಂದಿಷ್ಟೂ ಇಲ್ಲ. ರಾತ್ರಿ ಹೆಡ್‌ಫೋನಿನಲ್ಲಿ ಬಾರಿಸುವವನಿಗೆ ಇದೇ ದೊಡ್ಡ ಸುಖ. ಫೆಂಡರಿನ ಒಂಟಿ ಸುರುಳಿಯ ಪಿಕಪ್ ಆ ಗುಂಯ್ ಅನ್ನು ಚೆನ್ನಾಗಿ ಹಿಡಿಯುತ್ತದೆ.

ಮೂರನೆಯದು ಯಾಮಹಾ ಎಸ್‌ಜಿ2000. ಇದನ್ನು ಕೊಂಡಿಲ್ಲ, ಬಾರಿಸಿದ್ದು ಮಾತ್ರ. ವಾಸ್ಕೋದಲ್ಲಿರುವ ನಮ್ಮ ಭಾವ ಮಾಪುಸಾ ಹತ್ತಿರದ ಒಬ್ಬ ಪರಿಚಯದವರ ಮನೆಗೆ ಕರೆದೊಯ್ದರು. 1976ರಲ್ಲಿ ಬಂದ ಮಾದರಿ, ಗಿಟಾರ್ ವಾದಕ ಸಂತಾನಾ ಕೈಯಲ್ಲಿ ಹೆಸರಾದದ್ದು. ನೆಕ್ಕಿನ ಮರ ಬಾಡಿಯ ತುದಿಯವರೆಗೂ ಒಂದೇ, ತಂತಿ ಕೂರುವ ಬ್ರಿಡ್ಜಿನ ಕೆಳಗೆ ಹಿತ್ತಾಳೆಯ ತುಂಡು. ಒಂದು ಸ್ವರ ಒತ್ತಿ ಹಿಡಿದು ಭಾವನ ಹತ್ತಿರ ಊರಿನ ಸುದ್ದಿ ಕೇಳಿದೆ, ಅವರು ಹೇಳಿ ಮುಗಿಸಿದಾಗಲೂ ಸ್ವರ ಸಣ್ಣಗೆ ಇತ್ತು. ಮೂರರಲ್ಲಿ ಒಳ್ಳೆಯ ಗಿಟಾರ್ ಯಾವುದು ಅಂತ ಕೇಳಿದರೆ ಇದೇ. ಬೆಲೆ 1,60,000. ನಮಸ್ಕಾರ ಹೇಳಿ, ಅವರ ಮನೆಯ ಸೋಲ್‌ಕಡಿ ಕುಡಿದು ಎದ್ದು ಬಂದೆವು.

ನಿಮ್ಮ ಮನೆಯಲ್ಲಿ ವರ್ಷವಿಡೀ ಏಸಿ ಓಡುತ್ತಿದ್ದರೆ, ಸ್ಟುಡಿಯೋ ಕೆಲಸಕ್ಕೆ ಆ ಗಂಟೆಯಂಥ ಸ್ವರವೇ ಬೇಕಿದ್ದರೆ, ಫೆಂಡರ್ ಜಪಾನ್ ತಗೊಳ್ಳಿ, ನನ್ನ ಮಾತು ಬಿಡಿ. ಬಜೆಟ್ ಅರವತ್ತರ ಆಸುಪಾಸು, ಸಮುದ್ರದ ಗಾಳಿ, ರಾತ್ರಿಯ ಒಂದು ಗಂಟೆ ಬಿಡುವು ಅನ್ನುವವರಾದರೆ ಗ್ರೆಕೋ. ಆನ್‌ಲೈನ್ ಫೋಟೋ ನೋಡಿ ಬೇಡ, ಒಬ್ಬರ ಮನೆಗೆ ಹೋಗಿ, ಚಹಾ ಕುಡಿದು, ಉಗುರಿನಿಂದ ತಲೆಯ ಹಿಂದೆ ಸವರಿ ಕೊಳ್ಳಿ. ನಟ್ ಯಾವ ತುದಿಗಿದೆ ಅಂತ ನೋಡುವುದನ್ನು ಮರೆಯಬೇಡಿ.

ನನ್ನ ಫೆಂಡರ್ ಇನ್ನೂ ಬೀರುವಿನ ಪಕ್ಕ ನಿಂತಿದೆ. 85,000ಕ್ಕೆ ಕೊಡುತ್ತೇನೆ, ಕ್ಯಾಪೋ ಮತ್ತು ಸ್ಕ್ರೂಡ್ರೈವರ್ ಸೇರಿಸಿ. ಮುಂಬೈ, ಗೋವಾದವರಿಗೆ ಮಾರಲು ಮನಸ್ಸಿಲ್ಲ. ಪುಣೆಯಿಂದ ಒಬ್ಬ ಹುಡುಗ ವಿಚಾರಿಸಿದ್ದಾನೆ, ಹಲ್ಲುಕಡ್ಡಿಯ ವಿಷಯ ಅವನಿಗೆ ಮೊದಲೇ ಹೇಳಿದ್ದೇನೆ. ಶನಿವಾರ ನೋಡಲು ಬರುತ್ತಾನಂತೆ.