ಡೆಡ್‌ಫಾಲ್ ಟ್ರಿಗರ್ ಕಿಟ್: ಪಾಲಿಶ್ ಜಾಸ್ತಿ, ಹಿಡಿತ ಕಮ್ಮಿ
ಡೆಡ್‌ಫಾಲ್, ಅಂದ್ರೆ ಮೇಲಿಂದ ಕಲ್ಲು ಬೀಳೋ ಥರದ ಬೋನು, ಅದರ ಟ್ರಿಗರ್ (ಕಲ್ಲನ್ನ ಎತ್ತಿ ಹಿಡಿದಿದ್ದು, ಮುಟ್ಟಿದ್ರೆ ಬಿಟ್ಟುಬಿಡೋ ಕಡ್ಡಿ ಜೋಡಣೆ) ಕಲಿಯೋಣ ಅಂತ ರೆಡಿಮೇಡ್ ಪ್ರಾಕ್ಟೀಸ್ ಕಿಟ್ ತರಿಸ್ಕೊಂಡು ಎರಡು ವಾರ ಆಯ್ತು. ಡಬ್ಬಿಲಿ ಮೂರು ಕಡ್ಡಿ, ಒಂದು ತುಂಡು ದಾರ, ಒಂದು ಚೀಟಿ, ಅಷ್ಟೇ. ನೆಟ್ಟಗೆ ನಿಲ್ಲೋ ಕಡ್ಡಿ, ಓರೆ ಕಡ್ಡಿ, ಎರೆ ಸಿಕ್ಕಿಸೋ ಅಡ್ಡಕಡ್ಡಿ. ಜೋಡಿಸಿದ್ರೆ ಪಕ್ಕದಿಂದ 4 ಥರ ಕಾಣತ್ತೆ, ಅದಕ್ಕೇ ಫಿಗರ್ ಫೋರ್ ಅನ್ನೋದು (ನಮ್ಮ ೪ ಆಕಾರದಲ್ಲಿ ಕೆತ್ತು ಅಂದಿದ್ರೆ ದೇವ್ರೇ ಗತಿ).

ಮೊದಲ್ನೇ ದಿನ ಟೇಬಲ್ ಮೇಲೆ ಬೆರಳಲ್ಲಿ ಒತ್ತಿ ನೋಡ್ದೆ, ಸಲೀಸಾಗಿ ನಿಲ್ತು. ಹೊರಗೆ ಚಪ್ಪಟೆ ಕಲ್ಲು ಹೊರಿಸಿದ್ ತಕ್ಷಣ ಓರೆ ಕಡ್ಡಿ ಜಾರಿ ಢಬ್! ಏಳೆಂಟು ಸಲ ಇದೇ ಕಥೆ, ನನ್ನ ಕೈನೇ ಸರಿ ಇಲ್ಲ ಅಂದ್ಕೊಂಡಿದ್ದೆ, ಆಮೇಲೆ ಕಚ್ಚುಗಳನ್ನ, ಅಂದ್ರೆ ಕಡ್ಡಿ ಕಡ್ಡಿಗೆ ಸಿಕ್ಕೊಳ್ಳೋಕೆ ಕೆತ್ತಿರೋ ಗಾಡಿಗಳನ್ನ, ಬೆಳಕಿಗೆ ಹಿಡಿದು ನೋಡಿದ್ರೆ ಚೆಂದ ಕಾಣ್ಲಿ ಅಂತ ಎಲ್ಲಾ ಅಂಚನ್ನೂ ಉಜ್ಜಿ ದುಂಡಗೆ ಮಾಡಿ ಮೇಲೆ ವಾರ್ನಿಷ್ ಬೇರೆ ಬಳಿದಿದಾರೆ. ಈ ಟ್ರಿಗರ್‌ನ ಜೀವ ಇರೋದೇ ಅಂಚಲ್ಲಿ ಕಣ್ರೀ. ನೆಟ್ಟಗಿನ ಕಡ್ಡಿ ತಲೆ ಉಳಿ ಬಾಯಿ ಥರ ಇರ್ಬೇಕು, ಓರೆ ಕಡ್ಡಿ ಕಚ್ಚು ಅದರ ಮೇಲೆ ಕೂರತ್ತೆ, ಕಲ್ಲಿನ ಭಾರ ಮೇಲ್ತುದಿಗೆ ಬಿದ್ದಾಗ ಕೆಳತುದಿ ಹೊರಕ್ಕೆ ಎಗರೋಕೆ ನೋಡತ್ತೆ, ಅದನ್ನ ತಡ್ಕೊಂಡಿರೋದು ಅಡ್ಡಕಡ್ಡಿ ತುದಿಯ ಕಚ್ಚು. ಅಡ್ಡಕಡ್ಡಿ ನಡುವೆ ಇರೋ ಚೌಕ ಕಚ್ಚು ನೆಟ್ಟಗಿನ ಕಡ್ಡಿನ ಹಿಡ್ಕೊಳ್ಳತ್ತೆ. ಭಾರ ಬಿದ್ದಷ್ಟೂ ಬಿಗಿ ಆಗ್ಬೇಕು, ಇದ್ರಲ್ಲಿ ಭಾರ ಬಿದ್ದಷ್ಟೂ ಜಾರ್ತಿತ್ತು.

ಚಾಕು ತಗೊಂಡು ವಾರ್ನಿಷ್ ಹೆರೆದು ಕಚ್ಚುಗಳನ್ನ ಚಪ್ಪಟೆ ಮಾಡ್ದೆ, ಬುಡ ಮಣ್ಣಲ್ಲಿ ಹೂತುಹೋಗ್ತಿತ್ತು, ಅದಕ್ಕೊಂದು ಚಿಕ್ಕ ಹೆಂಚಿನ ಚೂರು ಇಟ್ಟೆ. ಮೂರನೇ ಸಲಕ್ಕೆ ನಿಂತ್ಕೊಳ್ತು! ಎರೆ ತುದಿಗೆ ಸಣ್ಣ ಪುರಲೆಯಲ್ಲಿ ತಿವಿದ್ರೆ ಮೂರೂ ಕಡ್ಡಿ ಬಿಟ್ಕೊಂಡು ಕಲ್ಲು ಕೆಳಗೆ.

ದಾರ ಕೊಟ್ಟಿರೋದು ಪಯೂಟ್ ಅನ್ನೋ ಇನ್ನೊಂದು ಬಗೆಗೆ, ಅಮೆರಿಕದ ಪಯೂಟ್ ಮೂಲನಿವಾಸಿಗಳ ಹೆಸರಲ್ಲಿರೋದು, ಇನ್ನೂ ಸೂಕ್ಷ್ಮ. ಆದ್ರೆ ದಾರದ ತುದಿಗೆ ಕಟ್ಟೋ ಗಿಡ್ಡ ಕಡ್ಡಿನೇ ಇಲ್ಲ, ನಾನೇ ಕಡ್ಕೊಂಡೆ.

ಚೀಟಿ ಬಗ್ಗೆ ಮಾತ್ರ ಸಿಟ್ಟಿದೆ. ಜೋಡಿಸೋವಾಗ ಕಲ್ಲಿಗೆ ಬೇರೆ ಗಟ್ಟಿ ಆಸರೆ ಕೊಡಿ ಅಂತ ಒಂದು ಸಾಲೂ ಇಲ್ಲ, ನನ್ನ ಹೆಬ್ಬೆರಳ ಉಗುರು ಇನ್ನೂ ಕಪ್ಪಗಿದೆ. ನಿಜವಾದ ಪ್ರಾಣಿಗೆ ಒಡ್ಡೋದು ಎಷ್ಟೋ ಕಡೆ ಕಾನೂನುಬಾಹಿರ, ಅದೂ ಬರೆದಿಲ್ಲ.

5ಕ್ಕೆ 2 ಕೊಡ್ತೀನಿ. ಅದೇ ಕಡ್ಡಿಗಳನ್ನ ಅಳತೆಗಿಟ್ಕೊಂಡು ಒಣಗಿದ ಕೊಂಬೆಲಿ ಇನ್ನೊಂದು ಸೆಟ್ ಕೆತ್ತಿದೀನಿ, ನೋಡೋಕೆ ಒರಟು, ಕಲ್ಲು ಹೊತ್ಕೊಂಡು ನಿನ್ನೆ ಸಂಜೆಯಿಂದ ಹಾಗೇ ನಿಂತಿದೆ.